ಗಂಜಿ ಹಾಕಿದ ಜಾಕೆಟ್

"ಗನ್ನು ಹೊಡೆಯಲ್ಲ ಕಣೋ, ಹೊಡೆಯೋನು ಮನುಷ್ಯ. ಅಭ್ಯಾಸ ಮಾಡು."

ನಮ್ಮ ಶೂಟಿಂಗ್ ಕ್ಲಬ್ಬಿನ ಕೋಚ್, ಕನ್ನಡದವರೇ ಆದ ಪಟ್ಟಾಭಿರಾಮ ಸರ್, ಈ ಮಾತನ್ನು ಯಾವಾಗಲೂ ನನ್ನ ಮುಖ ನೋಡಿಯೇ ಹೇಳುತ್ತಿದ್ದರು. ನನ್ನ ಜೊತೆ ಕಲಿಯುವ ಆಕಾಶನ ಮುಖ ನೋಡಿ ಹೇಳಿದ್ದನ್ನು ನಾನಂತೂ ಕಂಡಿಲ್ಲ. ಆಕಾಶನ ಅಪ್ಪ ವಡೋದರಾದ ಶ್ರೀಮಂತರ ಬಡಾವಣೆ ಅಲ್ಕಾಪುರಿಯಲ್ಲಿ ಆಫೀಸು ಇಟ್ಟವನು. ಮಗನಿಗೆ ಜರ್ಮನಿಯ ಏರ್ ರೈಫಲ್ಲು, ಮೈಯಳತೆ ಕೊಟ್ಟು ಹೊಲಿಸಿದ ಜಾಕೆಟ್ಟು, ಸುರಿದಷ್ಟೂ ಮುಗಿಯದ ಪೆಲೆಟ್ಟು ಗುಂಡು.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಹುಬ್ಬಳ್ಳಿಯಿಂದ ವಡೋದರಾಕ್ಕೆ ಬಂದವನು. ಫತೇಗಂಜಿನಲ್ಲಿ ಅಕ್ಕ ಚಂಪಾ ಹಾಸ್ಟೆಲ್ ಹುಡುಗರಿಗೆ ಊಟದ ಡಬ್ಬಿ ಕಟ್ಟುತ್ತಾಳೆ, ನಾನು ಸೈಕಲ್ಲಿನಲ್ಲಿ ಮುಟ್ಟಿಸುತ್ತೇನೆ. ಕ್ಲಬ್ಬಿನ ಹಳೇ ರೈಫಲ್ಲು ಭಾನುವಾರ ಮಾತ್ರ ಕೈಗೆ ಸಿಗುತ್ತಿತ್ತು. ಉಳಿದ ದಿನ ಅಷ್ಟೇ ತೂಕದ ಕಬ್ಬಿಣದ ಪೈಪಿಗೆ ಮರದ ಹಿಡಿ ಕಟ್ಟಿಕೊಂಡು, ಅಡುಗೆಮನೆ ಗೋಡೆಯ ಮೇಲಿನ ಕರಿ ಚುಕ್ಕೆಗೆ ಗುರಿ ಹಿಡಿದು ನಿಲ್ಲುತ್ತಿದ್ದೆ. ಭುಜ ಸತ್ತು ಹೋಗುವ ತನಕ. ಇನ್ನೆಷ್ಟು ಅಭ್ಯಾಸ ಮಾಡಬೇಕಿತ್ತು ನಾನು?

ಅಹಮದಾಬಾದಿನ ಪಂದ್ಯದಲ್ಲಿ ನಮ್ಮ ಕ್ಲಬ್ಬಿನಿಂದ ಯಾರು ಮುಂದೆ ಬರುತ್ತಾರೋ ಅವರಿಗೆ ಸೂರತ್ತಿನ ವಸತಿ ಶಿಬಿರದಲ್ಲಿ ಜಾಗ. ಅಲ್ಲಿ ರೈಫಲ್ಲು ಅವರದೇ, ಪೆಲೆಟ್ಟು ಅವರದೇ, ಅನ್ನವೂ ಅವರದೇ. ಆಕಾಶನಿಗೆ ಅದು ಗೋಡೆಗೆ ಹಾಕಲು ಇನ್ನೊಂದು ಸರ್ಟಿಫಿಕೇಟು. ನನಗೆ ಬೇರೆ ದಾರಿಯೇ ಇರಲಿಲ್ಲ.

ಈ ಆಟದಲ್ಲಿ ಜಾಕೆಟ್ಟು ಎಂದರೆ ಎರಡನೇ ಬೆನ್ನುಮೂಳೆ. ಕ್ಯಾನ್ವಾಸು ಬಿರುಸಾಗಿದ್ದರೆ ಮೈ ಅಲುಗುವುದಿಲ್ಲ. ನಾಲ್ಕಾರು ಮಂದಿ ತೊಟ್ಟು ಬಿಟ್ಟಿದ್ದ ನನ್ನ ಜಾಕೆಟ್ಟು ಖಾಲಿ ಗೋಣಿಚೀಲದ ಹಾಗೆ ಜೋತು ಬೀಳುತ್ತಿತ್ತು.

"ಏನೋ ಕೇಶ್ಯಾ ಇದು, ದನಕ್ಕ ಹೊಚ್ಚಾಕೂ ಬರಂಗಿಲ್ಲ. ಕೊಡಿಲ್ಲೆ," ಎಂದು ಅಕ್ಕ ಕಿತ್ತುಕೊಂಡಳು.

ಡಬ್ಬಿಗಳ ಅನ್ನ ಬಸಿದ ಗಂಜಿಯಲ್ಲಿ ಅದ್ದಿ, ಮಾಳಿಗೆಯ ಬಿಸಿಲಿಗೆ ಒಣಗಿಸಿ, ಮತ್ತೊಮ್ಮೆ ಅದ್ದಿದಳು. ನಮ್ಮವ್ವ ಇಳಕಲ್ ಸೀರೆಗೆ ಗಂಜಿ ಹಾಕುತ್ತಿದ್ದದ್ದು ಹೀಗೆಯೇ. ತೊಟ್ಟು ನಿಂತರೆ ಮೈ ಗೋಡೆಯಾಗಿತ್ತು. ಅಕ್ಕ ಬೆನ್ನಿಗೆ ಗುದ್ದಿ ನೋಡಿ ನಕ್ಕಳು. "ಈಗ ಹೊಡಿ!"

ಪಂದ್ಯದ ದಿನ ಆಕಾಶ ಬೆರಳಿನಿಂದ ನನ್ನ ತೋಳು ಬಡಿದ. "ಅರೇ ಯಾರ್, ಇದು ಜಾಕೆಟ್ ಅಲ್ಲ, ಪಾಪಡ್! ಸರ್, ಪಂದ್ಯಕ್ಕೆ ಮೊದಲೇ ಇದನ್ನ ಅಳೆಸಿ ಚೆಕ್ ಮಾಡ್ಸೋದಾ?"

"ಓಬಿರಾಯನ ಕಾಲದ ಕೋಟನ್ನ ಯಾರಯ್ಯ ಅಳೀತಾರೆ? ಹೋಗಿ ನಿಂತ್ಕೊಳ್ಳಿ," ಎಂದರು ಸರ್.

ಅವತ್ತು ಹೊಡೆದದ್ದು ನಾನೇ. ರೈಫಲ್ಲಲ್ಲ, ನಾನು. ಎದುರಿನ ಪರದೆಯಲ್ಲಿ ಹತ್ತರ ಮೇಲೆ ಹತ್ತು ಬೀಳುತ್ತಿತ್ತು. ಕೊನೆಯ ಗುಂಡು ಮುಗಿದಾಗ ಆಕಾಶನಿಗಿಂತ ಮೂರು ಅಂಕ ಮುಂದಿದ್ದೆ. ಅವನೇ ಬಂದು ಕೈ ಕುಲುಕಿದ.

ಆಮೇಲೆ ತಪಾಸಣೆಗೆ ಚೀಟಿ ಎತ್ತಿದರು. ನನ್ನ ನಂಬರು ಬಂತು.

ಜಾಕೆಟ್ಟಿನ ಬಟ್ಟೆಯನ್ನು ಒಂದು ಯಂತ್ರದ ಕೆಳಗೆ ಹರಡಿ ಮೇಲಿನಿಂದ ಒತ್ತುತ್ತಾರೆ. ಬಟ್ಟೆ ಕನಿಷ್ಠ ಮೂರು ಮಿಲಿಮೀಟರ್ ಕುಸಿಯಬೇಕು, ಅದಕ್ಕಿಂತ ಬಿರುಸಿದ್ದರೆ ನಿಯಮಕ್ಕೆ ವಿರುದ್ಧ. ನನ್ನದು ಎರಡನ್ನೂ ಮುಟ್ಟಲಿಲ್ಲ. ತೋಳು ನೋಡಿದರು, ಬೆನ್ನು ನೋಡಿದರು. ಅಧಿಕಾರಿ ಉಗುರಿನಿಂದ ಕೆರೆದಾಗ ಬಿಳಿ ಪುಡಿ ಉದುರಿತು. ಏನಿದು ಎಂದು ಹಿಂದಿಯಲ್ಲಿ ಕೇಳಿದರು. ಚಾವಲ್ ಕಾ ಪಾನೀ, ಅಕ್ಕಿಯ ನೀರು, ಎಂದೆ. ಪಕ್ಕದವನು ಕಿಸಕ್ಕನೆ ನಕ್ಕ. ಹೆಸರಿನ ಮುಂದೆ ಅನರ್ಹ ಎಂದು ಬರೆದರು.

"ಗಂಜಿ ಹಾಕಿದ್ಯಾ? ಶೂಟಿಂಗ್ ಜಾಕೆಟ್ಟಿಗೆ? ಥೂ! ನನ್ನ ಮರ್ಯಾದೆ ಕಳೆದೆಯಲ್ಲೋ," ಎಂದರು ಸರ್.

"ಮದ್ಲ ತೋರ್ಸಿದ್ರ ತಿದ್ದಾಕ ಬಿಡ್ತಿದ್ರಂತ. ನೀವ್ಯಾಕ ಬ್ಯಾಡ ಅಂದ್ರಿ?"

"ಕೋಟಲ್ಲಿ ಅಡುಗೆ ಮಾಡಿದ್ದೀಯ ಅಂತ ನಂಗೇನು ಕನಸು ಬಿದ್ದಿತ್ತಾ? ಬಿಡು, ಶಾರ್ಟ್‌ಕಟ್ ಬೇಡ. ಅಭ್ಯಾಸ ಮಾಡು."

ಸರ್ ಕತ್ತಿನ ಪಟ್ಟಿ ಹಿಡಿಯಲು ನನ್ನ ಕೈ ಮೇಲೆದ್ದಿತ್ತು. ಆಕಾಶ ನಡುವೆ ಬಂದ. ಅವನ ಜಾಕೆಟ್ಟೂ ಬಿರುಸೇ. ಮೂರು ಮಿಲಿಮೀಟರಿನ ಗೆರೆ ಎಲ್ಲಿದೆಯೆಂದು ಗೊತ್ತಿರುವ ದರ್ಜಿ, ಆ ಗೆರೆಯ ಮೇಲೆಯೇ ತಂದು ನಿಲ್ಲಿಸಿದ ಬಿರುಸು. ಅಕ್ಕನಿಗೆ ಅಂಥ ಗೆರೆಯೊಂದಿದೆ ಎಂದು ಯಾರು ಹೇಳಬೇಕಿತ್ತು? ಸೂರತ್ತಿನ ಜಾಗ ಅವನದಾಯಿತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅಕ್ಕ.

"ಏನಾತೋ? ಜಾಕೀಟು ನೆಟ್ಟಗ ನಿಂತಿತ್ತಿಲ್ಲ?"

"ನಿಂತಿತ್ತು."

"ಮತ್ತ?"

ಮಡಿಲಲ್ಲಿದ್ದ ಜಾಕೆಟ್ಟಿನಿಂದ ಉದುರಿದ ಬಿಳಿ ಪುಡಿಯನ್ನು ಕೊಡವಿದೆ.

"ಕೈ ನಡಗಿದ್ವು, ಅಕ್ಕಾ. ಆಕಾಶ ಮುಂದ ಹೋದ."

ಆ ಕಡೆ ಕುಕ್ಕರು ಕೂಗಿ ಸುಮ್ಮನಾಯಿತು.

"ವರ್ಷಗಟ್ಲೆ ಗ್ವಾಡಿ ಮುಂದ ನಿಂತು ಇದನ್ನ ಕಲ್ತ್ಯೇನೋ ಭಾಡ್ಯಾ? ನಾಲ್ಕು ಮಂದಿ ನೋಡಿದ್ರ ನಡಗತಾವ, ನಿನ್ನ ಕೈಯಿ? ನನಗ ಹೇಳಾಕರ ನಾಚ್ಕಿ ಬರಂಗಿಲ್ಲ?"

"ಹೂಂ," ಎಂದೆ.