ಮೊಂಬ್ರೆಯ ಅಚ್ಚು

ರೆನೂಲ್‌ನನ್ನು ಟಂಕಸಾಲೆಯೊಳಗೆ ಕೂಡಿಹಾಕಿ ಹದಿನೇಳು ದಿನವಾಗಿತ್ತು. ಮೊಂಬ್ರೆಯ ದೊರೆ ಆರ್ಶಾಂಬೊನ ನಾಣ್ಯಗಳಿಗೆ ಅಚ್ಚು ಕೆತ್ತುವುದು ಅವನ ಕಸುಬು. ದೊರೆಗಿದ್ದದ್ದು ಒಂದು ಸಣ್ಣ ಕೋಟೆ, ಎರಡು ಗಿರಣಿ, ಮತ್ತೆ ಅಜ್ಜನ ಕಾಲದಿಂದ ಬಂದ ನಾಣ್ಯ ಹೊಡೆಸುವ ಹಕ್ಕು. ಅವನ ದೆನಿಯೆ ನಾಣ್ಯವನ್ನು ಹೊಳೆಯಾಚೆ ಯಾರೂ ಮೂಸುತ್ತಿರಲಿಲ್ಲ; ಅರಸನ ದೆನಿಯೆಯಾದರೆ ಕಣ್ಣುಮುಚ್ಚಿ ತೆಗೆದುಕೊಳ್ಳುತ್ತಿದ್ದರು.

ಅದಕ್ಕೇ ಆ ಬೆಳಿಗ್ಗೆ ಆರ್ಶಾಂಬೊ ಅರಸನ ನಾಣ್ಯವೊಂದನ್ನು ರೆನೂಲ್‌ನ ಮುಂದೆ ಎಸೆದಿದ್ದ.

"ಥೇಟ್ ಹಿಂಗೇ ಇರ್ಬೇಕು. ಗೋಪುರ, ಶಿಲುಬೆ, ಸುತ್ತ ಇರೋ ಅಕ್ಷರ, ಎಲ್ಲಾ."

"ಒಡೆಯಾ, ಸಿಕ್ಕಿಬಿದ್ರೆ ಕುದಿಯೋ ಕೊಪ್ಪರಿಗೆಗೆ ಹಾಕ್ತಾರೆ."

"ಅದು ಸಿಕ್ಕಿಬಿದ್ರೆ. ಕೆತ್ತದಿದ್ರೆ ಇವತ್ತೇ ಕೈ ಕಡಿಸ್ತೀನಿ."

ಮಧ್ಯಾಹ್ನ ಹೆಂಡತಿ ಪೆರೀನ್ ಕಿಂಡಿಯಲ್ಲಿ ರೊಟ್ಟಿ ತೂರಿಸಿದಳು. ಗಂಡನ ಸಂಕಟ ಕೇಳಿ ಮೂಗು ಮುರಿದಳು.

"ಆ ದೊರೆಗೆ ಅಕ್ಷರ ಬೇರೆ ಕೇಡು. ಪ್ರಾರ್ಥನೆ ಪುಸ್ತಕ ತಲೆಕೆಳಗಾಗಿ ಹಿಡ್ಕೊಂಡು ಕೂತಿರ್ತಾನೆ."

ರೆನೂಲ್ ಅಗಿಯುತ್ತಿದ್ದವನು ನಿಲ್ಲಿಸಿದ.

ಗೋಪುರ, ಶಿಲುಬೆಗಳನ್ನು ಅರಸನ ನಾಣ್ಯದಲ್ಲಿದ್ದಂತೆಯೇ ಕೆತ್ತಿದ. ಸುತ್ತಲಿನ ಅಕ್ಷರಗಳಲ್ಲಿ ಮಾತ್ರ ಅರಸನ ಹೆಸರಿನ ಬದಲು 'ಮೊಂಬ್ರೆಯ ದೊರೆ ಆರ್ಶಾಂಬೊ' ಎಂದು ಬರೆದ. ದೊರೆ ಮೊದಲ ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿ ತಲೆಯಾಡಿಸಿದ. ಸಂತೆಯಲ್ಲಿ ಓಡುತ್ತೋ ನೋಡೋಣ, ಆಮೇಲೆ ಬಿಡ್ತೀನಿ ಅಂದ.

ನಾಣ್ಯ ಓಡಿತು. ತಿಂಗಳೊಳಗೆ ಅರಸನ ಅಧಿಕಾರಿಯೇ ಟಂಕಸಾಲೆಗೆ ಬಂದು ನಿಂತ. ಆರ್ಶಾಂಬೊನ ಮುಖದಲ್ಲಿ ರಕ್ತವಿರಲಿಲ್ಲ. ಅಧಿಕಾರಿ ನಾಣ್ಯವನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದ.

"ಗೋಪುರ ನಮ್ಮದರ ಹಂಗೇ ಇದೆ. ಆದ್ರೆ ಹೆಸರು ನಿಮ್ಮದೇ ಹಾಕಿದೀರಿ. ಕಳ್ಳನಾಣ್ಯ ಅನ್ನೋ ಹಂಗಿಲ್ಲ. ಇನ್ಮೇಲೆ ಗೋಪುರ ಬದಲಾಯಿಸಿ."

ಅಧಿಕಾರಿ ಹೋದ ಮೇಲೆ ದೊರೆ ಆ ನಾಣ್ಯವನ್ನು ಕೈಗೆತ್ತಿಕೊಂಡ. ರೆನೂಲ್ ಏಟಿಗೆ ಕಾದು ನಿಂತಿದ್ದ.

"ನನಗೇ ಮೋಸ ಮಾಡ್ದೆ. ತಲೆ ಉಳೀತು, ಹೋಗ್ಲಿ."

"ಹಂಗಾದ್ರೆ ಮನೆಗೆ ಹೋಗ್ಲಾ ಒಡೆಯಾ?"

"ನಿನ್ನಂಥ ಕೈಯನ್ನ ಹೊರಗೆ ಬಿಟ್ರೆ ಪಕ್ಕದ ದೊರೆ ಎತ್ತಾಕ್ಕೊಂಡು ಹೋಗ್ತಾನೆ. ನಿನ್ನ ಹೆಂಡ್ತೀನೂ ಇಲ್ಲಿಗೇ ಕರೆಸ್ತೀನಿ."

ಸಂಜೆ ಕಾವಲಿನವರು ಪೆರೀನಳನ್ನು ಹಾಸಿಗೆ ಗಂಟಿನೊಂದಿಗೆ ಒಳಗೆ ಬಿಟ್ಟುಹೋದರು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಗೋಡೆಯಿಂದ ಗೋಡೆಗೆ ನಡೆದು ನೋಡಿದಳು.

"ಹನ್ನೊಂದು ಹೆಜ್ಜೆ," ಅಂದಳು.

ರೆನೂಲ್‌ಗೆ ಅವಳ ಮುಖ ನೋಡಲಾಗಲಿಲ್ಲ.