ಪಿಂಡರ್ ಎಂಬ ಹೆಸರು

ಯಾರ್ಕ್ ಪಟ್ಟಣದ ಹತ್ತಿರದ ನಮ್ಮೂರಲ್ಲಿ ನಾಲ್ವರು ಗಿಲ್ಬರ್ಟರಿದ್ದಾರೆ. ನಾಲ್ಕನೆಯವನು ನನ್ನ ಮಗ. ನಾವು ಗಿಬ್ ಅನ್ನುತ್ತೇವೆ. ಧಣಿಯ ನ್ಯಾಯಸಭೆಯಲ್ಲಿ ಅವನ ಹೆಸರಿಗೆ ನನ್ನ ಹೊಲ ಬರೆಸುವ ದಿನ ಗುಮಾಸ್ತ ಗರಿಯನ್ನು ಮಸಿಗೆ ಅದ್ದಿ, “ಯಾವ ಗಿಲ್ಬರ್ಟು?” ಎಂದು ಕೇಳಿದ. ಈ ಪ್ರಶ್ನೆ ಬಂದೇ ಬರುತ್ತದೆಂದು ನನಗೆ ಗೊತ್ತಿತ್ತು. ಗಿಬ್ ನನ್ನ ಪಕ್ಕದಲ್ಲೇ ನಿಂತಿದ್ದ.

“ನನ್ನ ಹೆಸರು ವಾರಿನ್. ವಾರಿನ್ ಮಗ ಅಂತ ಬರ್ಕೊಳ್ಳಿ ಸ್ವಾಮಿ,” ಎಂದೆ.

“ಊರೋರು ಏನಂತ ಕರೀತಾರೋ ಅದನ್ನೇ ಬರೆಯೋದು. ನಿನ್ನಿಷ್ಟ ಕೇಳ್ಕೊಂಡು ಬರೆಯೋಕಾಗುತ್ತಾ?” ಎಂದು ಅವನು ಹನ್ನೆರಡು ಮಂದಿ ಪಂಚರ ಕಡೆ ತಿರುಗಿದ.

“ಪಿಂಡರ್,” ಎಂದರು ಅವರು, ಒಂದೇ ಬಾಯಲ್ಲಿ.

ಪಿಂಡರ್ ಎಂದರೆ ಹೊಲಕ್ಕೆ ನುಗ್ಗಿದ ದನ ಹಿಡಿದು ದೊಡ್ಡಿಗೆ ಕೂಡುವವನು. ಆ ಕೆಲಸ ವರ್ಷಕ್ಕೊಬ್ಬರ ಸರದಿ. ಇಪ್ಪತ್ತು ವರ್ಷದ ಹಿಂದೆ, ಗಿಬ್ ತೊಟ್ಟಿಲಲ್ಲಿದ್ದಾಗ, ಇವರೇ ಅದನ್ನು ನನ್ನ ಕೊರಳಿಗೆ ಕಟ್ಟಿದ್ದು. ಒಂದೇ ಒಂದು ವರ್ಷ ಮಾಡಿದೆ. ನನಗಿಂತ ಮುಂಚೆ ಮಾಡಿದವರಿಗೂ ಆಮೇಲೆ ಮಾಡಿದವರಿಗೂ ಆ ಹೆಸರು ಅಂಟಲಿಲ್ಲ. ನನಗೆ ಅಂಟಿತು, ಸಿಸಿಲಿಯ ಹಸುವಿನಿಂದ.

ಸಿಸಿಲಿ ವಿಧವೆ. ಅವಳಿಗಿದ್ದುದು ಅದೊಂದೇ ಗಬ್ಬದ ಹಸು. ಅದು ಧಣಿಯ ಬಾರ್ಲಿಗೆ ಬಾಯಿ ಹಾಕಿತು, ನಾನು ಹಿಡಿದು ಕೂಡಿದೆ. ದೊಡ್ಡಿಯಲ್ಲಿರುವ ದನಕ್ಕೆ ಮೇವು ನೀರು ಅದರ ಒಡೆಯರೇ ತರಬೇಕು, ಧಣಿಯ ಪಾರುಪತ್ತೇದಾರ ಹೇಳದೆ ಬಾಗಿಲು ತೆಗೆಯುವಂತಿಲ್ಲ; ಅದು ನಮ್ಮ ಕಟ್ಟಳೆ. ಅವಳೋ ಜ್ವರದಲ್ಲಿ ಎಚ್ಚರ ತಪ್ಪಿ ಮಲಗಿದ್ದಳು. ನಾನು ಪಾರುಪತ್ತೇದಾರನ ಹತ್ತಿರ ಓಡಿದೆ.

“ನೀನೇ ಮೇವು ಹಾಕಿದ್ರೆ ದಂಡ ಕಟ್ಟಿ ಬಿಡಿಸ್ಕೊಳ್ಳೋಕೆ ಯಾರಯ್ಯಾ ಬರ್ತಾರೆ? ತೆಪ್ಪಗಿರು,” ಎಂದವನೇ ಕುದುರೆ ಹತ್ತಿ ಯಾರ್ಕಿಗೆ ಹೋದ.

ತೆಪ್ಪಗಿದ್ದೆ. ಸುಡುಬಿಸಿಲು. ಹಸು ಕಲ್ಲುಗೋಡೆಯ ಮೇಲೆ ಕತ್ತು ಚಾಚಿ ಕೂಗುತ್ತಿತ್ತು. ಇದೇ ಹನ್ನೆರಡು ಮಹಾನುಭಾವರು ಕುಡುಗೋಲು ಹಿಡಿದು ಅದರ ಪಕ್ಕದಲ್ಲೇ ಕೊಯ್ಲಿಗೆ ಹೋದರು, ಬಂದರು. ಒಬ್ಬನೂ ಒಂದು ಕೊಡ ನೀರು ಇಡಲಿಲ್ಲ. ನಾನೂ ಇಡಲಿಲ್ಲ, ಹೆದರಿದೆ. ಐದನೆಯ ದಿನ ಅದು ಮೇಲೇಳಲಿಲ್ಲ. ಆ ನಾಚಿಕೆ ನನಗೆ ಇವತ್ತಿಗೂ ಹೋಗಿಲ್ಲ.

ಇರಲಿ, ನನ್ನ ಪಾಪ ನನಗೆ. ತೊಟ್ಟಿಲ ಕೂಸು ಏನು ಮಾಡಿತ್ತು? ಸಭೆಯ ದಾಖಲೆ ಬರೆಯುವ ಆ ಚರ್ಮದ ಹಾಳೆಯ ಮೇಲೆ ಒಮ್ಮೆ ಏರಿದರೆ ಅವನಿಗೂ ಅವನ ಮಕ್ಕಳಿಗೂ ಅದೇ ಹೆಸರು ಗಟ್ಟಿ. ಗುಮಾಸ್ತನ ಮುಂದೆ ಮಂಡಿಯೂರಿದೆ.

ಅವನಿಗೆ ಕನಿಕರ ಬಂತೋ, ಊಟದ ಹೊತ್ತಾಗಿತ್ತೋ. “ಸರಿ, ಈ ಸಭೇಲಿ ಒಬ್ಬರಾದ್ರೂ ಇವನನ್ನ ಬೇರೆ ಹೆಸರಲ್ಲಿ ಬಲ್ಲೆ ಅನ್ನಲಿ, ಅದನ್ನೇ ಬರೀತೀನಿ,” ಎಂದ.

ನಾನು ಹಿಂದಕ್ಕೆ ತಿರುಗಿದೆ. ಹಿಂದಿನ ಬೆಂಚಿನಲ್ಲಿ ಸಿಸಿಲಿ ಕೂತಿದ್ದಳು. ಹತ್ತು ವರ್ಷದಿಂದ ಅವಳ ಸೌದೆ ಒಡೆದುಕೊಡುವವನು ಗಿಬ್ಬನೇ, ಅದೂ ನಾನು ಹೇಳದೆ.

“ಸಿಸಿಲಕ್ಕಾ, ನೀನಾದ್ರೂ ಹೇಳು. ನಿನ್ನ ಬಾಯಲ್ಲಿ ಬಂದ್ರೆ ಯಾರೂ ಎದುರಾಡಲ್ಲ.”

ಅವಳು ನಿಧಾನವಾಗಿ ಎದ್ದು ನಿಂತಳು. ಗಿಬ್ಬನನ್ನು ನೋಡಿ ಅವಳ ಕಣ್ಣು ತುಂಬಿತು.

“ಹುಡುಗ ಬಂಗಾರದಂಥೋನು ವಾರಿನ್. ಇವನ ಮೇಲೆ ನಂಗೆ ಎಳ್ಳಷ್ಟೂ ಸಿಟ್ಟಿಲ್ಲ. ಆದ್ರೆ ನನ್ನ ಹಸು ಸತ್ತಿದ್ದಕ್ಕೆ ಈ ಹೆಸರೊಂದೇ ಕಣಪ್ಪಾ ಸಾಕ್ಷಿ. ಇದನ್ನೂ ಅಳಿಸಿಬಿಟ್ರೆ, ಅಂಥದ್ದೊಂದು ನಡೀಲೇ ಇಲ್ಲ ಅಂತಾರೆ ಈ ಹನ್ನೆರಡು ಜನ. ಪಿಂಡರ್ ಅಂತ್ಲೇ ಬರ್ಕೊಳ್ಳಿ ಸ್ವಾಮಿ.”

ಗುಮಾಸ್ತ ಬರೆದ. ಮಗ ಹೋಗಿ ಅವಳ ಕೈ ಹಿಡಿದು ಕೂರಿಸಿದ. ನಾನು ಮಂಡಿಯಿಂದ ಮೇಲೆದ್ದೆ. ಅವಳು ಹೇಳಿದ್ದು ನಿಜವಾಗಿತ್ತು.