ಮತ್ತೆ ಮತ್ತೆ ಸಡಿಲವಾಗುವ ಬ್ರೇಕು

ಮೂರನೆಯ ಸಲವೂ ಬೋಲ್ಟು ಸಡಿಲವಾಗಿತ್ತು. ಸುರಾಯಾ ಮುಂದಿನ ಎಡಚಕ್ರ ಬಿಚ್ಚಿಟ್ಟು, ಬ್ರೇಕ್ ಕ್ಯಾಲಿಪರನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಳು. ಅದು ಲಟಲಟ ಎಂದಿತು. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಯನ್ನು ಎರಡೂ ಕಡೆಯಿಂದ ಅಮುಕಿ ಹಿಡಿದು ಕಾರು ನಿಲ್ಲಿಸಬೇಕಾದ ವಸ್ತು ಅದು. ಅದೇ ಹೀಗೆ ಸಡಿಲ ಹಲ್ಲಿನಂತೆ ಅಲ್ಲಾಡಿದರೆ ಗಂಟೆಗೆ ನೂರೈವತ್ತು ಕಿಲೋಮೀಟರಿನಲ್ಲಿ ಓಡುವ ಕಾರನ್ನು ದೇವರೇ ನಿಲ್ಲಿಸಬೇಕು.

"ಅಬಾಂಗ್, ಬಾ ಇಲ್ಲಿ," ಎಂದು ಅಣ್ಣನನ್ನು ಕರೆದಳು. "ಮತ್ತೆ ಟ್ರ್ಯಾಕಿನ ಅಂಚಿನ ಕರ್ಬ್ ಮೇಲೆ ಹತ್ತಿಸಿದ್ಯಾ?"

"ಹತ್ತಿಸಿಲ್ಲ."

"ಸುಳ್ಳು ಹೇಳ್ಬೇಡ. ನಾಲ್ಕನೇ ತಿರುವಲ್ಲಿ ಕಾರು ಕುಪ್ಪಳಿಸಿದ್ದನ್ನ ನಾನೇ ನೋಡ್ದೆ."

"ಸ್ವಲ್ಪ ತಾಗಿರಬಹುದು," ಎಂದ ಜುಬೀರ್, ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು. ವಾರದ ಐದು ದಿನ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಪಕ್ಕ ಕೂತು 'ನಿಧಾನ, ನಿಧಾನ' ಎನ್ನುವುದು ಅವನ ಹೊಟ್ಟೆಪಾಡು. ಒಳಗೆ ಅದುಮಿಟ್ಟುಕೊಂಡ ವೇಗವನ್ನೆಲ್ಲ ಜೋಹೋರಿನ ಈ ರೇಸ್ ಟ್ರ್ಯಾಕಿನಲ್ಲಿ ಕಕ್ಕುತ್ತಿದ್ದ.

ಸುರಾಯಾ ಬಾತು ಪಹಾಟಿನ ವೃತ್ತಿ ಕಾಲೇಜಿನಲ್ಲಿ ಮೋಟಾರು ರಿಪೇರಿ ಕಲಿಸುವ ಮೇಡಂ. ಹದಿನಾಲ್ಕು ವರ್ಷದಲ್ಲಿ ನೂರಾರು ಹುಡುಗರಿಗೆ ಬೋಲ್ಟು ಬಿಗಿಯುವುದನ್ನು ಕಲಿಸಿದ ತನಗೆ, ತನ್ನದೇ ಕಾರಿನ ಮುಂದಿನ ಎರಡು ಚಕ್ರಗಳ ನಾಲ್ಕು ಬೋಲ್ಟು ಮೂರು ವಾರದಿಂದ ಮಾತು ಕೇಳುತ್ತಿಲ್ಲವಲ್ಲ ಎಂದು ಅವಳಿಗೆ ಮೈ ಪರಚಿಕೊಳ್ಳುವಂತಾಗಿತ್ತು. ಮೊದಲ ಸಲ ಸಡಿಲವಾದಾಗ ಮತ್ತೆ ಬಿಗಿದಳು. ಎರಡನೆಯ ಸಲ ಹಳೆಯ ಬೋಲ್ಟು ಒಂದೊಂದಾಗಿ ತೆಗೆದು ಹೊಸದು ಹಾಕಿದಳು. ಬಿಗಿತ ಅಳೆಯುವ ತನ್ನ ಟಾರ್ಕ್ ರೆಂಚ್ ತಪ್ಪು ಲೆಕ್ಕ ತೋರಿಸುತ್ತಿದೆಯೇನೋ ಎಂದು ಕಾಲೇಜಿನದನ್ನು ತಂದು, ಅದು ಟಕ್ ಎನ್ನುವವರೆಗೂ ಬಿಗಿದಳು. ಇವತ್ತು ಬೆಳಿಗ್ಗೆ ಅಂಟೂ ಹಚ್ಚಿದ್ದಳು. ಅಭ್ಯಾಸದ ಎಂಟು ಸುತ್ತು ಮುಗಿಯುವಷ್ಟರಲ್ಲಿ ಎಲ್ಲವೂ ಮೊದಲಿನಂತೆಯೇ ಆಗಿತ್ತು.

ಇಂಥ ಹೊತ್ತಿನಲ್ಲಿ ಬುದ್ಧಿ ಹೇಳುವವರಿಗೆ ಬರವೇ? ಪಕ್ಕದ ಗ್ಯಾರೇಜಿನವನೊಬ್ಬ ಬಂದು ತಂತಿ ಸುತ್ತಿ ಕಟ್ಟಿಬಿಡಿ ಎಂದ. ಕಾರಿನ ಇನ್ನರ್ಧ ಪಾಲುದಾರ, ದಂತವೈದ್ಯ ಬೂನ್ ಕಿಯಾಟ್, ಬಗ್ಗಿ ಟಾರ್ಚು ಬಿಟ್ಟು ನೋಡಿದ.

"ಚಿಗು," ಎಂದ. ಮೇಡಂ ಎನ್ನುವ ಹಾಗೆ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಹಾಗೆಯೇ. "ನಮ್ಮಲ್ಲಾದ್ರೆ ಇಷ್ಟು ಅಲ್ಲಾಡಿದ್ರೆ ಕಿತ್ತೇ ಬಿಡ್ತೀವಿ."

"ಕೀಳಿ ಡಾಕ್ಟ್ರೇ. ಆಮೇಲೆ ಕಾಲು ಕೆಳಗಿಟ್ಟು ಕಾರು ನಿಲ್ಸಿ."

"ಇನ್ನೂ ಸ್ವಲ್ಪ ಜೋರಾಗಿ ಬಿಗಿ ಮಾರಾಯ್ತಿ," ಎಂದ ಜುಬೀರ್. "ರೆಂಚ್ ಮೇಲೆ ಹತ್ತಿ ನಿಂತ್ಕೋ. ನಿನ್ನ ತೂಕಕ್ಕೆ ಎಲ್ಲಾ ಸರಿಯಾಗತ್ತೆ."

ಸುರಾಯಾ ರೆಂಚನ್ನು ಅವನ ಕಡೆಗೇ ಎತ್ತಿದಳು. ಅವನು ತೆಪ್ಪಗೆ ನಾಸಿ ಲೆಮಾಕ್ ಅನ್ನದ ಪೊಟ್ಟಣ ಬಿಚ್ಚುತ್ತಾ ಹೊರಗೆ ಹೋದ.

ಗೋಡೆಯ ಪಕ್ಕ ಮಡಚುವ ಕುರ್ಚಿಯಲ್ಲಿ ಅವರ ಅಪ್ಪ ಕೂತಿದ್ದರು. ಮುವಾರ್ ಪೇಟೆಯ ಅಂಗಡಿ ಬೋರ್ಡುಗಳಲ್ಲಿ ಅರ್ಧ ಒಂದು ಕಾಲಕ್ಕೆ ಅವರ ಕೈಬರಹವೇ. ಅಚ್ಚು ಹಾಕಿದ ಪ್ಲಾಸ್ಟಿಕ್ ಬ್ಯಾನರುಗಳು ಬಂದ ಮೇಲೆ ಕುಂಚ ಕೆಳಗಿಟ್ಟಿದ್ದರು. ಈ ಸಲ ಮಗಳು ತುಕ್ಕು ತೆಗೆಸಿ ತಂದಿಟ್ಟಿದ್ದ, ಕ್ಯಾಲಿಪರನ್ನು ಕಾರಿಗೆ ಹಿಡಿದಿಡುವ ಬ್ರಾಕೆಟ್ಟುಗಳನ್ನು ಕಂಡು ಸುಮ್ಮನಿರಲಾರದೆ, ಮೂರು ಕೋಟು ಕೆಂಪು ಬಣ್ಣ ಬಳಿದು ಮೇಲೆ ವಾರ್ನಿಶ್ ಎಳೆದಿದ್ದರು. ಎಷ್ಟೋ ವರ್ಷದ ಮೇಲೆ ಅಪ್ಪನ ಕೈಗೆ ಬಣ್ಣ ಹತ್ತಿದ್ದನ್ನು ಕಂಡು ಸುರಾಯಾಳ ಕಣ್ಣು ತುಂಬಿತ್ತು. ಬೋಲ್ಟಿನ ತೂತುಗಳನ್ನಷ್ಟೇ ಕೆರೆದುಕೊಂಡು ಹಾಗೆಯೇ ಕೂರಿಸಿದ್ದಳು.

"ಸಿಕ್ತಾ ಮಗಳೇ?" ಎಂದರು ಅವರು.

"ಇಲ್ಲ ಅಬಾಹ್. ಟೀ ಕುಡೀರಿ, ಆರಿಹೋಗ್ತಿದೆ."

ಹತ್ತೂವರೆಗೆ ಅರ್ಹತಾ ಸುತ್ತು. ಸುರಾಯಾ ನಾಲ್ಕೂ ಬೋಲ್ಟು ಬಿಗಿದು, ಪ್ರತಿಯೊಂದರ ತಲೆಯ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಬಿಳಿ ಪೆನ್ನಿನಲ್ಲಿ ನೇರ ಗೆರೆ ಎಳೆದಳು. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ಎಷ್ಟು ಸುತ್ತಿನಲ್ಲಿ ಎಷ್ಟು ತಿರುಗಿತು ಎಂಬುದಾದರೂ ತಿಳಿಯಲಿ ಎಂಬುದು ಅವಳ ಲೆಕ್ಕ.

"ಆರೇ ಸುತ್ತು," ಎಂದು ಅಣ್ಣನಿಗೆ ಎಚ್ಚರಿಸಿದಳು. "ಕರ್ಬ್ ಮುಟ್ಟಿದ್ರೆ ನಡ್ಕೊಂಡು ಮನೆಗೆ ಹೋಗು."

ಜುಬೀರ್ ಆರು ಸುತ್ತು ಹಾಕಿ, ಮುಖ ಬಿಳಿಚಿಕೊಂಡು ಬಂದ. "ಕೊನೇ ಸುತ್ತಲ್ಲಿ ಬ್ರೇಕ್ ಒತ್ತಿದ್ರೆ ಕೆಳಗೆ ಡಬ್ ಅಂತು. ಸ್ಟೀರಿಂಗ್ ನಡುಗ್ತು. ಕರ್ಬ್ ಹತ್ರಾನೂ ಹೋಗಿಲ್ಲ, ಅಮ್ಮನಾಣೆ."

ಅವನ ದನಿಯಲ್ಲಿ ಮೊದಲ ಬಾರಿಗೆ ಹೆದರಿಕೆ ಇತ್ತು. ಸುರಾಯಾ ದಪ್ಪ ಕೈಗವಸು ಹಾಕಿಕೊಂಡು ಚಕ್ರ ಬಿಚ್ಚಿದಳು. ಕ್ಯಾಲಿಪರ್ ಮತ್ತೆ ಲಟಲಟ ಎಂದಿತು. ಟಾರ್ಚು ಹಿಡಿದು ಬಿಳಿ ಗೆರೆ ನೋಡಿದಳು. ಗೆರೆ ಮುರಿದಿರಲಿಲ್ಲ. ಇನ್ನೊಂದನ್ನು ನೋಡಿದಳು. ಅದೂ ನೆಟ್ಟಗಿತ್ತು. ಬಲಚಕ್ರದಲ್ಲೂ ಅದೇ ಕತೆ.

ಅವಳು ನೆಲದ ಮೇಲೆ ಕೂತುಬಿಟ್ಟಳು.

"ಏನಾಯ್ತು ಚಿಗು?" ಎಂದ ಬೂನ್ ಕಿಯಾಟ್.

"ಬೋಲ್ಟು ತಿರುಗೇ ಇಲ್ಲ ಡಾಕ್ಟ್ರೇ. ಒಂದು ಚೂರೂ ತಿರುಗಿಲ್ಲ. ಆದ್ರೂ ಸಡಿಲ."

"ಅದು ಹೇಗೆ ಸಾಧ್ಯ?"

ಹೇಗೆ ಸಾಧ್ಯ ಎಂದು ಅವಳೂ ಯೋಚಿಸಿದಳು. ಬೋಲ್ಟು ಇದ್ದಲ್ಲೇ ಇದೆ. ಅಂದರೆ ಅದು ಅಮುಕಿ ಹಿಡಿದಿದ್ದ ಏನೋ ತೆಳ್ಳಗಾಗಿದೆ. ಕಬ್ಬಿಣವಂತೂ ಸವೆದಿರಲಾರದು. ಕಬ್ಬಿಣ ಕಬ್ಬಿಣದ ನಡುವೆ ಇನ್ನೇನಿದೆ? ಹಾಗೆ ಕೇಳಿಕೊಂಡ ಕ್ಷಣದಲ್ಲೇ ಅವಳಿಗೆ ಹೊಳೆಯಿತು. ಮೂರು ವಾರದಲ್ಲಿ ಅವಳು ಬೋಲ್ಟು ಬದಲಿಸಿದ್ದಳು, ರೆಂಚು ಬದಲಿಸಿದ್ದಳು, ಆದರೆ ಬ್ರಾಕೆಟ್ಟನ್ನು ಅದು ಕೂತ ಜಾಗದಿಂದ ಒಮ್ಮೆಯೂ ಪೂರ್ತಿ ಕಳಚಿ ನೋಡಿರಲಿಲ್ಲ.

ಕಳಚಿದಳು. ಬ್ರಾಕೆಟ್ಟು ಕಬ್ಬಿಣಕ್ಕೆ ಒತ್ತಿ ಕೂರುವ ಮುಖದ ತುಂಬ ಕೆಂಪು ಬಣ್ಣ. ಬ್ರೇಕಿನ ಕಾವಿಗೆ ಮೆತ್ತಗಾಗಿ, ಹಿಂಡಿಹೋಗಿ, ಅಂಚಿನಿಂದ ಸಂಬಲ್ ಚಟ್ನಿಯ ಹಾಗೆ ಹೊರಗೆ ಉಕ್ಕಿ ಕಪ್ಪಾಗಿತ್ತು. ಪ್ರತಿ ಸಲ ಬಿಗಿದಾಗಲೂ ಅವಳು ಬಿಗಿದದ್ದು ಬಣ್ಣದ ಪದರವನ್ನು. ಓಡಿದಷ್ಟೂ ಪದರ ಕರಗಿ ತೆಳ್ಳಗಾಗುತ್ತಿತ್ತು.

ಒತ್ತಿ ಕೂರುವ ಮುಖ ಒರೆಸದೆ ಏನನ್ನೂ ಜೋಡಿಸಬೇಡಿ ಎಂದು ಮೊದಲ ದಿನದ ಪಾಠದಲ್ಲೇ ಕಿರುಚುವ ಮೇಡಂ ತಾನೇ. ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಅಪ್ಪ ಯಾವಾಗ ಎದ್ದು ಬಂದರೋ, ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. "ಇದು ಇಲ್ಲಿ ಕೂರತ್ತಾ?"

"ಹೂಂ ಅಬಾಹ್."

"ಬಣ್ಣದ ಮೇಲೆ ಭಾರ ಹಾಕ್ತಾರೇನೇ? ನಲವತ್ತು ವರ್ಷ ಬೋರ್ಡ್ ಬರ್ದೆ. ಮೊಳೆ ಹೊಡೆಯೋ ಜಾಗಕ್ಕೆ ಒಂದು ದಿನ ಬಣ್ಣ ಹಚ್ಚಿಲ್ಲ. ಎಲ್ಲಿ ಕೂರತ್ತೆ ಅಂತ ನಂಗೆ ಒಂದು ಮಾತು ಹೇಳೋದಲ್ವಾ?"

"ತಪ್ಪು ನಂದೇ ಅಬಾಹ್. ನೋಡ್ಕೋಬೇಕಾಗಿತ್ತು."

"ಮತ್ತೆ ನಿಂದಲ್ದೆ ನಂದಾ? ಸರಿ ಆ ಕಡೆ."

ಅವರು ಬಿಚ್ಚಿಟ್ಟ ಟೈರಿನ ಮೇಲೆ ಕೂತು, ಬ್ರಾಕೆಟ್ಟನ್ನು ಮಂಡಿಯ ನಡುವೆ ಇಟ್ಟುಕೊಂಡು ಬ್ಲೇಡಿನಿಂದ ಹೆರೆಯತೊಡಗಿದರು. ಸುರಾಯಾ ಒಂದು ಮುಖ ಮುಗಿಸುವಷ್ಟರಲ್ಲಿ ಅವರದು ಮೂರು ಮುಗಿದಿದ್ದವು. ಕೂರುವ ಮುಖವೆಲ್ಲ ಬೋಳು ಕಬ್ಬಿಣ. ಅದರ ಸುತ್ತ ಕೆಂಪಿನ ಅಂಚು ಸ್ಕೇಲಿಟ್ಟು ಎಳೆದಷ್ಟು ನೇರ. ಅವಳು ಹೆರೆದದ್ದು ಮಾತ್ರ ಇಲಿ ಕಡಿದಂತಿತ್ತು. ಅಪ್ಪ ಅದನ್ನೂ ಕಸಿದುಕೊಂಡು ಸರಿಮಾಡಿದರು.

ಎರಡು ಗಂಟೆಗೆ ರೇಸು ಶುರುವಾಯಿತು. ಮೊದಲ ಅರ್ಧ ಗಂಟೆ ಜುಬೀರ್, ಉಳಿದರ್ಧ ಬೂನ್ ಕಿಯಾಟ್. ಮೂವತ್ತೊಂದು ಕಾರುಗಳಲ್ಲಿ ಇಪ್ಪತ್ತೆರಡನೆಯದಾಗಿ ಮುಗಿಸಿದರು. ನಡುವೆ ಮೂರನೇ ಗೇರು ಕೈಕೊಟ್ಟಿತ್ತು. ಕಾರು ಒಳಗೆ ಬಂದದ್ದೇ ಸುರಾಯಾ ಚಕ್ರ ಬಿಚ್ಚಿ, ಬೋಲ್ಟಿಗೆ ರೆಂಚು ಹಾಕಿದಳು. ಮಿಸುಕದೆ ಟಕ್ ಎಂದಿತು. ನಾಲ್ಕೂ ಹಾಗೆಯೇ.

ಅವಳು ಕೈ ಒರೆಸಿಕೊಂಡು ಅಣ್ಣನ ಹತ್ತಿರ ಹೋದಳು. "ಅಬಾಂಗ್, ಮೂರು ವಾರ ಕರ್ಬ್ ಕರ್ಬ್ ಅಂತ ಬೈದೆ. ನಿಂದು ತಪ್ಪಿರ್ಲಿಲ್ಲ."

"ಏನಂದೆ? ಇಂಜಿನ್ ಶಬ್ದಕ್ಕೆ ಕೇಳಿಸ್ಲಿಲ್ಲ."

"ಇಂಜಿನ್ ಆಫ್ ಆಗಿದೆ."

"ಹೌದಾ? ಆದ್ರೂ ಕೇಳಿಸ್ಲಿಲ್ಲ. ಡಾಕ್ಟ್ರೂ ಬರ್ಲಿ, ಇನ್ನೊಂದ್ಸಲ ಜೋರಾಗಿ ಹೇಳು."

ಸುರಾಯಾ ಕಾರಿನ ಕಡೆ ಬೆರಳು ತೋರಿಸಿದಳು. "ಮೂರನೇ ಗೇರು ಮುರ್ದಿದ್ದು ಯಾರು?" ಎಂದು ಕೇಳಿದಳು. ಜುಬೀರನಿಗೆ ಹೊರಗೆ ಯಾರೋ ಕರೆದದ್ದು ಇದ್ದಕ್ಕಿದ್ದಂತೆ ಕೇಳಿಸಿತು.